ಹಕ್ಕಲು

ಫ್ರೆಂಚ್ ಸಿನಿಮಾ ನೋಡಿ ಕವಿತೆ ಬರೆಯುವ ಅಭ್ಯಾಸ ನನಗೆ ಅಂಟಿಕೊಂಡು ಬಹಳ ಕಾಲವಾಯಿತು. ದಢೇಸುಗೂರಿನಲ್ಲಿ ಕೂತು ಇದನ್ನು ಮಾಡುತ್ತೇನೆ ಎಂದಾಗ ಕೇಳಿದವರು ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತಾರೆ. ಅವರ ಅಚ್ಚರಿ ಸಹಜ. ನಮ್ಮೂರು ತುಂಗಭದ್ರೆಯ ಎಡದಂಡೆಯ ಮೇಲಿದೆ. ಸೇತುವೆ ದಾಟಿದರೆ ಸಿರುಗುಪ್ಪ, ಬಳ್ಳಾರಿ ಜಿಲ್ಲೆ. ಈಚೆಗೆ ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಹಾಯ್ದು ಬರುವ ಹೆದ್ದಾರಿ ಇಲ್ಲಿಯೇ ಹೊಳೆ ದಾಟುತ್ತದೆ. ಹಗಲೂ ರಾತ್ರಿ ಲಾರಿಗಳ ಸಪ್ಪಳ, ಸುಗ್ಗಿಯಲ್ಲಿ ಭತ್ತದ ಚೀಲ ಹೇರಿದ ಟ್ರ್ಯಾಕ್ಟರುಗಳ ಸಾಲು, ಎತ್ತ ನೋಡಿದರೂ ಗದ್ದೆ. ಮಾತಿಗೆ ಕೂತವರ ಬಾಯಲ್ಲಿ ಕಾಲುವೆಗೆ ನೀರು ಯಾವಾಗ ಬಿಡುತ್ತಾರೆ, ಸೋನಾ ಮಸೂರಿಗೆ ಈ ಸಲ ದರ ಎಷ್ಟು ಎಂಬ ಎರಡೇ ವಿಷಯ. ಇಂಥ ಊರಿಗೂ ಪ್ಯಾರಿಸ್ಸಿನ ಕಪ್ಪುಬಿಳುಪು ಚಿತ್ರಗಳಿಗೂ ಯಾವ ನಂಟು?

ನಂಟು ಇದೆ. ಅದು ನನಗೆ ತಿಳಿದದ್ದು ಹೊಳೆಯಿಂದ.

ಜಾನ್ ವಿಗೋ ಎಂಬ ನಿರ್ದೇಶಕನ 'ಲಾತಲಾಂತ್' ತೆರೆಕಂಡದ್ದು 1934ರಲ್ಲಿ. ಅದೇ ವರ್ಷದ ಅಕ್ಟೋಬರಿನಲ್ಲಿ ಅವನು ತೀರಿಕೊಂಡ. ಆಗ ಅವನಿಗೆ 29 ವರ್ಷ. ಚಳಿಗಾಲದ ಕಾಲುವೆಗಳ ಮೇಲೆ, ಮೈಯಲ್ಲಿ ಜಡ್ಡು ಇಟ್ಟುಕೊಂಡೇ ಚಿತ್ರ ಮುಗಿಸಿದ್ದ. ವಿತರಕರು ಅದನ್ನು ಬೇಕಾದಂತೆ ಕತ್ತರಿಸಿ, ಆಗ ಜನಪ್ರಿಯವಾಗಿದ್ದ ಹಾಡೊಂದರ ಹೆಸರು ಅಂಟಿಸಿ ಬಿಡುಗಡೆ ಮಾಡಿದ್ದರು. ಕಥೆ ಬಹಳ ಸಣ್ಣದು. ಸರಕು ಸಾಗಿಸುವ ದೋಣಿಯ ಯಜಮಾನ ಹಳ್ಳಿಯ ಹುಡುಗಿಯನ್ನು ಮದುವೆಯಾಗುತ್ತಾನೆ. ಇಗರ್ಜಿಯಿಂದ ಹೊರಟ ಮೆರವಣಿಗೆ ಹೊಲಗಳನ್ನು ಹಾಯ್ದು ನೀರಿನ ದಂಡೆಗೆ ಬರುತ್ತದೆ. ಮದುವೆಯ ಬಿಳಿ ಬಟ್ಟೆಯಲ್ಲೇ ಅವಳು ದೋಣಿ ಏರುತ್ತಾಳೆ. ನೀರಿನೊಳಗೆ ಕಣ್ಣು ತೆರೆದು ನೋಡಿದರೆ ಪ್ರೀತಿಸಿದವರ ಮುಖ ಕಾಣುತ್ತದೆ ಎಂದು ಗಂಡನಿಗೆ ಹೇಳುತ್ತಾಳೆ. ಅವನು ನಗೆಯಾಡುತ್ತಾನೆ, ನೀರಿಗೆ ತಲೆ ಹಾಕಿ ಏನೂ ಕಾಣಲಿಲ್ಲ ಅನ್ನುತ್ತಾನೆ. ಜಗಳವಾಗಿ ಅವಳು ಪ್ಯಾರಿಸ್ಸಿನಲ್ಲಿ ಕಳೆದುಹೋದ ಮೇಲೆ ಒಂದು ದಿನ ಅವನು ನದಿಗೆ ಹಾರುತ್ತಾನೆ. ಕಣ್ಣು ತೆರೆಯುತ್ತಾನೆ. ಮದುವಣಗಿತ್ತಿಯ ಉಡುಪಿನಲ್ಲಿ ಅವಳು ನೀರೊಳಗೆ ತೇಲುತ್ತ ನಗುತ್ತಿರುತ್ತಾಳೆ. ಬೋರಿಸ್ ಕೌಫ್‌ಮನ್ ತೆಗೆದ ಆ ದೃಶ್ಯಕ್ಕೆ ತೊಂಬತ್ತು ವರ್ಷ ದಾಟಿದೆ. ಇವತ್ತು ನೋಡಿದರೂ ಆ ನೀರು ಕಣ್ಣಿಗೆ ತಾಗುತ್ತದೆ.

ಅದನ್ನು ನೋಡಿದ ಮರುದಿನ ನಾನು ಬರೆಯಲು ಕೂತದ್ದು ಆ ಗಂಡಹೆಂಡಿರ ಬಗ್ಗೆಯೇ. ಆದರೆ ಕೈಗೆ ಬಂದದ್ದು ನಮ್ಮವ್ವನ ಸುದ್ದಿ. ಅವ್ವನ ತವರು ಹೊಳೆಯ ಆಚೆ ದಂಡೆಯ ಹಳ್ಳಿ. ಮದುವೆಯಾದ ಮೇಲೆ ಆಕೆ ಹರಿಗೋಲಿನಲ್ಲಿ ಕೂತು ಈಚೆ ದಂಡೆಗೆ ಬಂದಳು. ಹರಿಗೋಲು ಹತ್ತುವ ಗಡಿಬಿಡಿಯಲ್ಲಿ ಒಂದು ಕಾಲಿನ ಚಪ್ಪಲಿ ಕೆಸರಿನಲ್ಲಿ ಸಿಕ್ಕು ಅಲ್ಲೇ ಉಳಿಯಿತು. ಹೊಸ ಸೊಸೆ ಬಾಯಿಬಿಟ್ಟು ಹೇಳುವುದು ಹೇಗೆ? ಒಂದೇ ಚಪ್ಪಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬರಿಗಾಲಲ್ಲಿ ಅತ್ತೆಮನೆ ಹೊಕ್ಕಳು. ಚಿಕ್ಕಂದಿನಿಂದ ಕೇಳಿ ಕೇಳಿ ನನಗೆ ಬಾಯಿಪಾಠವಾಗಿದ್ದ ಈ ಸಂಗತಿ ಅಲ್ಲಿಯವರೆಗೆ ಒಂದು ಸಾಲಾಗಿಯೂ ಹೊರಬಂದಿರಲಿಲ್ಲ.

ನೀರೊಳಗೆ ಕಣ್ಣು ತೆರೆ ಅಂದಳು.
ತೆರೆದೆ.
ಮೊದಲು ಕಂಡದ್ದು ಬರೀ ನೀರು,
ಆಮೇಲೆ ತವರಿನ ದಂಡೆ,
ದಂಡೆಯ ಕೆಸರಿನಲ್ಲಿ ಒಂಟಿ ಚಪ್ಪಲಿ,
ಕೊನೆಗೆ
ಹಿಂತಿರುಗಿ ನೋಡದೆ ಹೊರಟ
ಅವಳ ಮುಖ.

ಅವ್ವನಿಗೆ ಓದಿ ಹೇಳಿದೆ. ಆ ಸಿನಿಮಾದ ಕಥೆಯನ್ನೂ ಹೇಳಿದೆ. ಆಕೆ ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟು ಕೇಳಿದಳು: "ಆ ಸಿನಿಮಾದಾಗೂ ಆಕಿ ಚಪ್ಪಲಿ ಕಳಕೊಂಡಿದ್ಲೇನಪಾ?"

"ಇಲ್ಲಬೇ ಯವ್ವಾ."

"ಮತ್ತ ಅದನ್ನ ನೋಡಿ ಇದನ್ನ ಹೆಂಗ ಬರದಿ?"

ಆ ಪ್ರಶ್ನೆ ಅಂದಿನಿಂದ ನನ್ನ ಜೊತೆಗಿದೆ. ಅದನ್ನು ನೋಡಿ ಇದನ್ನು ಹೇಗೆ ಬರೆದೆ? ಬೇರೆಯವರ ಚಿತ್ರದಿಂದ ನಮ್ಮ ಕವಿತೆ ಹುಟ್ಟುವುದು ಹೇಗೆ? ಸಿನಿಮಾದ ಕಥೆಯನ್ನು ಸಾಲು ಮುರಿದು ಬರೆದರೆ ಅದು ಕವಿತೆಯಾಗದು. ನಟನಟಿಯರ ಚೆಲುವನ್ನು ಹೊಗಳಿದರೆ ಹೊಗಳಿಕೆಯಷ್ಟೇ ಉಳಿಯುತ್ತದೆ. ಹಾಗಾದರೆ ಒಂದು ಚಿತ್ರ ಕವಿಗೆ ಕೊಡುವುದಾದರೂ ಏನನ್ನು?

ಕನ್ನಡದಲ್ಲೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಯು.ಆರ್. ಅನಂತಮೂರ್ತಿ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಸ್ವೀಡನ್ನಿನ ನಿರ್ದೇಶಕ ಬರ್ಗ್‌ಮನ್‌ನ 'ದಿ ಸೆವೆಂತ್ ಸೀಲ್' ನೋಡಿದರು. ಗುರುಗಳಾಗಿದ್ದ ಲೇಖಕ ಮಾಲ್ಕಂ ಬ್ರಾಡ್‌ಬರಿ ಜೊತೆಗಿದ್ದರು. ಸ್ವೀಡಿಷ್ ಮಾತು, ಕೆಳಗೆ ಇಂಗ್ಲಿಷ್ ಬರಹವಿಲ್ಲ. ಮಾತು ತಿಳಿಯದ ಆ ಚಿತ್ರ ಅವರನ್ನು ತಮ್ಮ ಬಾಲ್ಯದ ಅಗ್ರಹಾರಕ್ಕೆ ಕರೆದೊಯ್ದಿತು. 'ಸಂಸ್ಕಾರ' ಹುಟ್ಟಿದ್ದು ಹಾಗೆ ಎಂದು ಅವರೇ ಹೇಳಿಕೊಂಡಿದ್ದಾರೆ. ಕಾದಂಬರಿ 1965ರಲ್ಲಿ ಅಚ್ಚಾಯಿತು. ಆ ಚಿತ್ರದಲ್ಲಿ ಪ್ಲೇಗಿನ ನಾಡಿಗೆ ಮರಳಿದ ಯೋಧನೊಬ್ಬ ಸಾವಿನೊಡನೆ ಚದುರಂಗ ಆಡುತ್ತಾನೆ. 'ಸಂಸ್ಕಾರ'ದಲ್ಲಿ ಯೋಧನಿಲ್ಲ, ಚದುರಂಗವಿಲ್ಲ. ಪ್ಲೇಗ್ ಇದೆ, ಹೆಣವಿದೆ, ತನ್ನ ನಂಬಿಕೆಯ ಎದುರು ಒಬ್ಬನೇ ನಿಂತ ಪ್ರಾಣೇಶಾಚಾರ್ಯ ಇದ್ದಾನೆ. ಸ್ವೀಡನ್ನಿನ ಕಥೆಯನ್ನು ಅಲ್ಲಿಯೇ ಬಿಟ್ಟು, ಅದು ಎಬ್ಬಿಸಿದ ಕಳವಳವನ್ನು ಮಾತ್ರ ಅನಂತಮೂರ್ತಿ ಮಲೆನಾಡಿಗೆ ತಂದರು.

ಪರಭಾಷೆಯ ಚಿತ್ರಕ್ಕೆ ಈ ಗುಣ ಇದೆ. ಮಾತು ಪೂರ್ತಿ ತಿಳಿಯದಿದ್ದಾಗ ಕಣ್ಣು ಹೆಚ್ಚು ದುಡಿಯುತ್ತದೆ. ಬಾಗಿಲು ಹೇಗೆ ಮುಚ್ಚಿತು, ಹೋಗುವವಳ ಹೆಗಲು ಹೇಗೆ ಬಾಗಿತ್ತು, ಮೇಜಿನ ಮೇಲೆ ಏನು ಉಳಿಯಿತು ಎಂಬುದೆಲ್ಲ ಒಳಗೆ ಇಳಿಯುತ್ತದೆ. ನಮ್ಮ ಭಾಷೆಯ ಚಿತ್ರದಲ್ಲಿ ಮಾತಿನ ಬೆನ್ನು ಹತ್ತಿ ಇವನ್ನು ದಾಟಿ ಹೋಗುತ್ತೇವೆ.

ಇಂಥ ಚಿತ್ರಗಳು ನಮ್ಮ ಹಳ್ಳಿಗಳಿಗೆ ತಲುಪಿದ್ದರ ಹಿಂದೆ ಹೆಗ್ಗೋಡಿನ ಋಣ ಇದೆ. ಕೆ.ವಿ. ಸುಬ್ಬಣ್ಣ 1970ರ ದಶಕದಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದರು. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ಪ್ರಾಧ್ಯಾಪಕ ಸತೀಶ್ ಬಹಾದ್ದೂರ್ ಅಲ್ಲಿಗೆ ಬಂದು ಸಿನಿಮಾ ರಸಗ್ರಹಣ ಶಿಬಿರಗಳನ್ನು ನಡೆಸಿದರು. ಅಡಿಕೆ ತೋಟದ ರೈತರು, ಹಳ್ಳಿಯ ಶಾಲೆಯ ಮಾಸ್ತರರು ಲೋಕದ ಶ್ರೇಷ್ಠ ಚಿತ್ರಗಳನ್ನು ನೋಡಿ ಚರ್ಚಿಸಿದರು. ಹಳ್ಳಿಯವರಿಗೆ ಇದೆಲ್ಲ ಯಾಕೆ ಎನ್ನುವವರಿಗೆ ಅಲ್ಲಿನ ಪ್ರೇಕ್ಷಕರೇ ಉತ್ತರವಾದರು. ನನಗೆ ಸಿನಿಮಾ ನೋಡಲು ಕಲಿಸಿದ ಗುರುಗಳು ಅಂಥ ಶಿಬಿರಕ್ಕೆ ಹೋಗಿ ಬಂದವರು. ನೋಡಿದ ಚಿತ್ರದ ಬಗ್ಗೆ ಕೂಡಲೇ ಮಾತಾಡಬೇಡ, ಅದು ನಿನ್ನೊಳಗೆ ಒಂದು ರಾತ್ರಿ ಮಲಗಲಿ ಎನ್ನುತ್ತಿದ್ದರು. ಮೊದಲು ಡಿವಿಡಿಗಳಲ್ಲಿ, ಈಗ ಮೊಬೈಲಿನಲ್ಲಿ ನೋಡುವಾಗಲೂ ಆ ಮಾತನ್ನು ಪಾಲಿಸುತ್ತೇನೆ. ಮಲಗಿ ಎದ್ದ ಮೇಲೂ ಯಾವುದು ಬಿಡದೆ ಕಾಡುತ್ತದೋ ಅದನ್ನು ಮಾತ್ರ ಬರೆಯುತ್ತೇನೆ.

ರಾಬರ್ಟ್ ಬ್ರೆಸೋನ್ ಮಾಡಿದ 'ಬಾಲ್ತಜಾರ್' ಚಿತ್ರ ಹಾಗೆ ಕಾಡಿದ್ದು ಶಬ್ದದಿಂದ. 1966ರ ಈ ಚಿತ್ರದ ನಾಯಕ ಒಂದು ಕತ್ತೆ. ಮಕ್ಕಳ ಕೈಯಲ್ಲಿ ಮುದ್ದಾಗಿ ಬೆಳೆದದ್ದು ಒಬ್ಬ ಮಾಲೀಕನಿಂದ ಇನ್ನೊಬ್ಬನಿಗೆ ಕೈ ಬದಲಾಗುತ್ತ ಹೋಗುತ್ತದೆ. ಹೊರೆ ಹೊರುತ್ತದೆ, ಏಟು ತಿನ್ನುತ್ತದೆ, ಸರ್ಕಸ್ಸು ಸೇರುತ್ತದೆ, ಕಳ್ಳಸಾಗಣೆಯವರ ಸರಕು ಹೊರುತ್ತದೆ. ಕೊನೆಗೆ ಗುಂಡೇಟು ತಿಂದು ಬೆಟ್ಟದ ಹುಲ್ಲಿನ ಮೇಲೆ ಕುಸಿಯುತ್ತದೆ. ಎಲ್ಲಿಂದಲೋ ಕುರಿಹಿಂಡು ಬಂದು ಅದನ್ನು ಸುತ್ತುವರಿಯುತ್ತದೆ. ಕೊರಳಗಂಟೆಗಳ ನಾದ ತುಂಬಿಕೊಳ್ಳುತ್ತದೆ. ಕುರಿಗಳು ಸರಿದಾಗ ಕತ್ತೆಯ ಪ್ರಾಣ ಹೋಗಿರುತ್ತದೆ. ಆರಂಭದ ಚಿತ್ರಗಳ ನಂತರ ಬ್ರೆಸೋನ್ ವೃತ್ತಿನಟರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅಳು, ಸಿಟ್ಟು, ಮರುಕ ಯಾವುದನ್ನೂ ಮುಖದ ಮೇಲೆ ಹಚ್ಚಿಕೊಳ್ಳಬೇಡಿ ಅನ್ನುತ್ತಿದ್ದ. ಕೈಗಳನ್ನು ತೋರಿಸುತ್ತಿದ್ದ, ಕಾಲುಗಳನ್ನು ತೋರಿಸುತ್ತಿದ್ದ. ಬಾಗಿಲು, ಬಕೆಟ್ಟು, ಹಗ್ಗ ಇವುಗಳ ಶಬ್ದ ಕೇಳಿಸುತ್ತಿದ್ದ. ಕಣ್ಣೀರು ತೆರೆಯ ಮೇಲೆ ಇಲ್ಲದ್ದರಿಂದಲೇ ನೋಡುವವರ ಕಣ್ಣಿಗೆ ಬರುತ್ತದೆ.

ಕವಿತೆ ಬರೆಯುವವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಡ. ನಮ್ಮಲ್ಲಿ ಸುಗ್ಗಿ ಮುಗಿದ ಗದ್ದೆಗಳಲ್ಲಿ ಕುರಿಗಾರರು ರಾತ್ರಿ ಕುರಿ ನಿಲ್ಲಿಸುತ್ತಾರೆ. ಹೊಲದವರಿಗೆ ಗೊಬ್ಬರ, ಕುರಿಗಾರರಿಗೆ ಕಾಳೋ ಕಾಸೋ. ಕಂಬಳಿ ಹೊದ್ದ ಮುದುಕ ಹಿಂಡಿನ ಅಂಚಿನಲ್ಲಿ ಕೂತಿರುತ್ತಾನೆ. ನಾಯಿ ಬೊಗಳುತ್ತದೆ, ಮರಿಯೊಂದು ತಾಯಿಯನ್ನು ಕರೆಯುತ್ತದೆ, ಹೆದ್ದಾರಿಯಲ್ಲಿ ಲಾರಿ ಗೇರು ಬದಲಿಸುತ್ತದೆ. ಬ್ರೆಸೋನ್‌ನ ಚಿತ್ರ ನೋಡಿದ ಮೇಲೆ ಆ ಮುದುಕನ ಬಗ್ಗೆ ಬರೆದ ಕವಿತೆಯಲ್ಲಿ ನಾನು 'ಪಾಪ' ಎಂಬ ಪದ ಬಳಸಲಿಲ್ಲ. ಬಡತನ, ದುಃಖ, ಒಂಟಿತನ ಎಂಬ ಪದಗಳನ್ನೂ ಬರಗೊಡಲಿಲ್ಲ. ಅವನ ಕೈ ಕಂಬಳಿಯೊಳಗಿಂದ ಹೊರಬಂದು ಬೀಡಿ ಹಚ್ಚಿದ್ದು, ಕಡ್ಡಿಯ ಬೆಳಕಿನಲ್ಲಿ ಹತ್ತಿರದ ಕುರಿಯ ಕಣ್ಣು ಹೊಳೆದದ್ದು, ಕಡ್ಡಿ ಆರಿದ್ದು ಇಷ್ಟನ್ನೇ ಬರೆದೆ. ಓದಿದ ಗೆಳೆಯನೊಬ್ಬ "ಮುದುಕಪ್ಪ ಎದುರಿಗೇ ಕುಂತಂಗ ಆತು ನೋಡಪಾ" ಅಂದ. ಎದೆ ತುಂಬಿ ಬಂತು.

ಫ್ರೆಂಚ್ ಸಿನಿಮಾ ಕವಿಗಳ ಕೈಯಲ್ಲೂ ಬೆಳೆದದ್ದು. ಜಾಕ್ ಪ್ರೆವೇರ್ ಕವಿತೆಗಳನ್ನು ಬರೆಯುವ ಕೈಯಿಂದಲೇ ಮಾರ್ಸೆಲ್ ಕಾರ್ನೆಯ ಚಿತ್ರಗಳಿಗೆ ಮಾತು ಬರೆದ. ಅವರಿಬ್ಬರ 'ಪರದೀಸಿನ ಮಕ್ಕಳು' ಚಿತ್ರ ನಾಜಿಗಳ ಹಿಡಿತದಲ್ಲಿದ್ದ ಫ್ರಾನ್ಸಿನಲ್ಲಿ ತಯಾರಾಯಿತು. ರಂಗಸಜ್ಜಿಕೆ ಮಾಡಿದ ಟ್ರೌನರ್, ಸಂಗೀತ ಕೊಟ್ಟ ಕೊಸ್ಮಾ ಇಬ್ಬರೂ ಯೆಹೂದಿಗಳು. ತಲೆಮರೆಸಿಕೊಂಡೇ ಕೆಲಸ ಮಾಡಿದರು. ಚಿತ್ರ 1945ರಲ್ಲಿ, ಪ್ಯಾರಿಸ್ ಬಿಡುಗಡೆಯಾದ ಮೇಲೆ ತೆರೆಕಂಡಿತು. 'ಪರದೀಸು' ಎಂದರೆ ನಾಟಕಮಂದಿರದ ಮೇಲಂತಸ್ತಿನ ಅಗ್ಗದ ಜಾಗ, ಕೂಲಿಯವರು ಬಡವರು ಕೂತು ಕೇಕೆ ಹಾಕುವ ಜಾಗ. ಬೆಳಗಿನ ತನಕ ಕಂಬಳಿ ಹಾಸಿಕೊಂಡು ದೊಡ್ಡಾಟ ನೋಡಿದ ನಮಗೆ ಆ ಜನರನ್ನು ಯಾರೂ ಪರಿಚಯಿಸಬೇಕಿಲ್ಲ.

ಜಾನ್ ಕೊಕ್ತೋ ಕೂಡ ಕವಿಯೇ. ಅವನ 'ಓರ್ಫೇ' 1950ರ ಚಿತ್ರ. ಅದರಲ್ಲಿ ಕವಿಯೊಬ್ಬ ಕಾರಿನ ರೇಡಿಯೋದಲ್ಲಿ ಬರುವ ವಿಚಿತ್ರ ಸಾಲುಗಳಿಗೆ ಮರುಳಾಗುತ್ತಾನೆ. ಅವು ಇನ್ನೊಂದು ಲೋಕದಿಂದ ಬರುತ್ತಿವೆ. ಯುದ್ಧಕಾಲದಲ್ಲಿ ಬಿಬಿಸಿ ರೇಡಿಯೋ ಫ್ರಾನ್ಸಿನ ಹೋರಾಟಗಾರರಿಗೆ ಕಳಿಸುತ್ತಿದ್ದ ಸಂಕೇತವಾಕ್ಯಗಳಿಂದ ಕೊಕ್ತೋಗೆ ಈ ಕಲ್ಪನೆ ಬಂತು. ಕವಿ ಕಾರು ಬಿಟ್ಟು ಇಳಿಯಲೊಲ್ಲ. ಮುಳ್ಳು ತಿರುಗಿಸುತ್ತ ಒಂದೊಂದೇ ಸಾಲು ಬರೆದುಕೊಳ್ಳುತ್ತಾನೆ. ಒಳಗೆ ಬಸುರಿ ಹೆಂಡತಿ ಕಾಯುತ್ತಿದ್ದಾಳೆ. ಅವಳು ಸತ್ತಾಗಲೂ ಅವನ ಕಿವಿ ರೇಡಿಯೋದಲ್ಲಿದೆ.

ಈ ಚಿತ್ರ ನನಗೆ ಎಚ್ಚರಿಕೆಯಂತೆ ಕಂಡಿತು. ದೂರದ ದನಿಗೆ ಕಿವಿಗೊಡುವವರು ಹತ್ತಿರದ ದನಿಯನ್ನು ಕಳೆದುಕೊಳ್ಳಬಹುದು. ಪ್ಯಾರಿಸ್ಸಿನ ಮಳೆ, ಸೇನ್ ನದಿಯ ಮಂಜು, ಕೆಫೆಯ ಸಿಗರೇಟು ಹೊಗೆ ಇವುಗಳ ಮೋಹದಲ್ಲಿ ಬರೆದ ಕವಿತೆಗೆ ನೆಲೆ ಇರುವುದಿಲ್ಲ. ಲಂಕೇಶರು ಬೋದಿಲೇರನ ಕವಿತೆಗಳನ್ನು 'ಪಾಪದ ಹೂಗಳು' ಎಂದು ಕನ್ನಡಕ್ಕೆ ತಂದವರು. 'ಪಲ್ಲವಿ' ಚಿತ್ರಕ್ಕೆ 1976ರ ಸಾಲಿನ ಶ್ರೇಷ್ಠ ನಿರ್ದೇಶಕ ರಾಷ್ಟ್ರಪ್ರಶಸ್ತಿ ಪಡೆದವರು. ಫ್ರೆಂಚ್ ಕವಿಯನ್ನು ಅಷ್ಟು ಆಳವಾಗಿ ಓದಿದ ಅವರ ಬರಹದಲ್ಲಿ ಫ್ರಾನ್ಸಿನ ಮಂಜು ಕವಿಯುವುದಿಲ್ಲ. ಅವರ ಕವಿತೆಯ ಅವ್ವ ಶಿವಮೊಗ್ಗ ಸೀಮೆಯ ಕಪ್ಪು ನೆಲದ ಅವ್ವ. ಬೋದಿಲೇರನಿಂದ ಅವರಿಗೆ ಸಿಕ್ಕದ್ದು ಕಣ್ಣೆದುರಿನ ಕೊಳಕನ್ನೂ ಚೆಲುವನ್ನೂ ಒಂದೇ ನೋಟದಲ್ಲಿ ಹಿಡಿಯುವ ಧೈರ್ಯ ಎಂದು ನಾನು ನಂಬಿದ್ದೇನೆ.

ರೂಪದ ವಿಚಾರದಲ್ಲಿ ರಾಯಚೂರು ಸೀಮೆಯವರಿಗೆ ಒಂದು ಭಾಗ್ಯವಿದೆ. ಗಜಲನ್ನು ಕನ್ನಡದಲ್ಲಿ ಬೇರೂರಿಸಿದ ಹೆಂಬೆರಳಿನ ಶಾಂತರಸರು ಈ ಜಿಲ್ಲೆಯವರು. ಉರ್ದು ಬಲ್ಲವರು, 2006ರಲ್ಲಿ ಬೀದರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿದ್ದವರು. ಅವರ ನಂತರ ಇಲ್ಲಿ ಗಜಲ್ ಬರೆಯದ ಕವಿಯೇ ಅಪರೂಪ. ಗಜಲಿನ ಒಂದೊಂದು ದ್ವಿಪದಿಯೂ ಸ್ವತಂತ್ರ. ಒಂದರಲ್ಲಿ ಮಧುಶಾಲೆ, ಮುಂದಿನದರಲ್ಲಿ ಗೋರಿ, ಆಮೇಲೆ ಪ್ರಿಯೆಯ ಬೀದಿ. ನಡುವೆ ಏನಾಯಿತೆಂದು ಕವಿ ವಿವರಿಸುವುದಿಲ್ಲ. ಪ್ರಾಸ ಮತ್ತು ಅಂತ್ಯದ ಪದ ಮಾತ್ರ ಎಲ್ಲವನ್ನೂ ಹಿಡಿದಿಡುತ್ತವೆ.

1960ರಲ್ಲಿ ಬಂದ, ನಿರ್ದೇಶಕ ಗೊದಾರ್‌ನ 'ಬ್ರೆತ್‌ಲೆಸ್' ನೋಡಿದಾಗ ಹೊಸಬರಿಗೆ ದಿಗಿಲಾಗುತ್ತದೆ. ಕಾರಿನಲ್ಲಿ ಕೂತ ಹುಡುಗಿಯ ಮಾತು ಮುಂದುವರಿಯುತ್ತಿದ್ದರೂ ಹಿಂದಿನ ಬೀದಿ ತಟ್ಟನೆ ಬದಲಾಗುತ್ತದೆ. ಚಿತ್ರ ಉದ್ದವಾಯಿತೆಂದು ಗೊದಾರ್ ದೃಶ್ಯಗಳನ್ನು ಪೂರ್ತಿ ತೆಗೆಯದೆ ದೃಶ್ಯಗಳ ಒಳಗಿನಿಂದಲೇ ತುಂಡುಗಳನ್ನು ಕತ್ತರಿಸಿದ. ಅದು ಸಿನಿಮಾದ ಹೊಸ ವ್ಯಾಕರಣವಾಯಿತು. ಗಜಲ್ ಕೇಳಿ ಬೆಳೆದ ನನ್ನ ಕಿವಿಗೆ ಆ ಜಿಗಿತ ಹೊಸದೆನಿಸಲಿಲ್ಲ. ಅದರಲ್ಲಿ ನಟಿ ಜೀನ್ ಸೀಬರ್ಗ್ ಪ್ಯಾರಿಸ್ಸಿನ ಬೀದಿಯಲ್ಲಿ 'ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್' ಪತ್ರಿಕೆ ಮಾರುತ್ತ ನಡೆಯುವ ದೃಶ್ಯ ಮನಸ್ಸಿನಲ್ಲಿತ್ತು. ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ನಸುಕಿಗೆ ಪೇಪರು ಮಾರುವ ಹುಡುಗರ ದನಿಯೂ ಇತ್ತು. ಎರಡನ್ನೂ ಪಕ್ಕಪಕ್ಕ ಇಡಲು ಗಜಲೇ ಸರಿಯೆನಿಸಿತು.

ಬೇಸಿಗೆಯ ಹೊಳೆಯಲ್ಲಿ ಕಲ್ಲುಗಳು ಎದ್ದಿವೆ ನೋಡು
ಕಲ್ಲ ಸಂದಿಗಳಲ್ಲಿ ಮಳೆಗಾಲದ ಮಾತುಗಳು ಬಿದ್ದಿವೆ ನೋಡು

ಪ್ಯಾರಿಸ್ಸಿನ ಬೀದಿಯಲ್ಲಿ ಹುಡುಗಿ ಪೇಪರು ಕೂಗುತ್ತಾಳೆ
ಸಿಂಧನೂರ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದ ಕಣ್ಣುಗಳು ಎಚ್ಚೆದ್ದಿವೆ ನೋಡು

ಇದೇ ಸೀಮೆಯಲ್ಲಿ ಫ್ರೆಂಚ್ ಸಿನಿಮಾ ನನ್ನ ಎಣಿಕೆಗೆ ಮೀರಿ ಹತ್ತಿರ ಬಂದದ್ದೂ ಉಂಟು. ಸಿಂಧನೂರಿನ ಸುತ್ತ ಬಂಗಾಳಿಗಳ ಪುನರ್ವಸತಿ ಕ್ಯಾಂಪುಗಳಿವೆ. ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದವರಿಗೆ ಸರ್ಕಾರ ಇಲ್ಲಿ ನೆಲೆ ಕೊಟ್ಟಿತು. ಆರ್.ಎಚ್. ಕ್ಯಾಂಪ್ ಎಂದರೆ ಇಲ್ಲಿ ಎಲ್ಲರಿಗೂ ಗೊತ್ತು. ಅಲ್ಲಿ ದುರ್ಗಾಪೂಜೆ ನಡೆಯುತ್ತದೆ, ಮನೆಮನೆಯಲ್ಲಿ ಬಂಗಾಳಿ ಮಾತು, ಸಂತೆಗೆ ಬಂದರೆ ನಮ್ಮ ರಾಯಚೂರು ಕನ್ನಡ. ಫ್ರೆಂಚ್ ನಿರ್ದೇಶಕ ಜಾನ್ ರೆನ್ವಾ ತನ್ನ ಮೊದಲ ವರ್ಣಚಿತ್ರ 'ದಿ ರಿವರ್' ಮಾಡಲು ಬಂದದ್ದು ಬಂಗಾಳಕ್ಕೇ. ಚಿತ್ರ 1951ರಲ್ಲಿ ತೆರೆಕಂಡಿತು. ಜಾಗ ಹುಡುಕುತ್ತ ಅವನು ತಿರುಗುವಾಗ ಜಾಹೀರಾತು ಕಂಪನಿಯ ತರುಣನೊಬ್ಬ ಆಗಾಗ ಜೊತೆಯಾಗುತ್ತಿದ್ದ. ಹೆಸರು ಸತ್ಯಜಿತ್ ರಾಯ್. ತಾನು ಮಾಡಬೇಕೆಂದಿದ್ದ 'ಪಥೇರ್ ಪಾಂಚಾಲಿ'ಯ ಕಥೆಯನ್ನು ರೆನ್ವಾಗೆ ಹೇಳಿ ಅವನಿಂದ ಹುರುಪು ಪಡೆದ. ಫ್ರಾನ್ಸಿನಿಂದ ಬಂದವನ ಕಣ್ಣು ಬಂಗಾಳದ ತರುಣನಿಗೆ ತನ್ನ ಊರನ್ನು ನೋಡುವ ಬಗೆಯನ್ನು ತೋರಿಸಿತು.

ಕ್ಯಾಂಪಿನ ಹಿರಿಯರೊಬ್ಬರಿಗೆ ಆ ಚಿತ್ರವನ್ನು ನನ್ನ ಲ್ಯಾಪ್‌ಟಾಪಿನಲ್ಲಿ ತೋರಿಸಿದೆ. ಇಂಗ್ಲಿಷ್ ಮಾತು ಅವರಿಗೆ ತಿಳಿಯದು. ಹುಡುಗಿಯರ ಪ್ರೇಮದ ಕಥೆಯನ್ನು ಅವರು ಗಮನಿಸಲೂ ಇಲ್ಲ. ನದಿಯಲ್ಲಿ ದೋಣಿಗಳು ಕಾಣಿಸಿದಾಗ ಮಾತ್ರ ಮುಂದಕ್ಕೆ ಬಾಗಿದರು. ದಂಡೆಯ ಮೆಟ್ಟಿಲುಗಳು ಬಂದಾಗ ಬೆರಳಿಟ್ಟು ತೋರಿಸಿದರು. "ನಮ್ಮಪ್ಪ ಇಂಥಾ ದೋಣಿ ನಡಸ್ತಿದ್ದ್ರಿ. ಇಲ್ಲಿ ಬಂದು ಕಾಲುವೆ ನೋಡಿ, ಇದು ಹೊಳೆ ಅಲ್ಲ ಅಂತ ಅತ್ತಿದ್ದ್ರಿ" ಎಂದರು. ಚಿತ್ರ ನಿಲ್ಲಿಸಿ ಆ ದೋಣಿಯ ಚಿತ್ರವನ್ನು ಬಹಳ ಹೊತ್ತು ನೋಡಿದರು. ಆಮೇಲೆ ನಾನು ಬರೆದ ಕವಿತೆಯಲ್ಲಿ ರೆನ್ವಾ ಇಲ್ಲ, ಆ ಹುಡುಗಿಯರೂ ಇಲ್ಲ. ಕಾಲುವೆಯ ದಂಡೆಯಲ್ಲಿ ಕೂತು ನೀರಿನ ಅಗಲ ಅಳೆಯುವ ಒಬ್ಬ ಅಂಬಿಗ ಇದ್ದಾನೆ. ಚಿತ್ರ ಬಂಗಾಳದಲ್ಲಿ ನಡೆದಿತ್ತು, ಮಾಡಿದವನು ಫ್ರಾನ್ಸಿನವನು, ನೋವು ಮಾತ್ರ ಸಿಂಧನೂರು ತಾಲ್ಲೂಕಿನದು.

ಅವ್ವನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆನೆಸ್ ವಾರ್ದಾಳ ಚಿತ್ರದಲ್ಲಿ. 'ದಿ ಗ್ಲೀನರ್ಸ್ ಅಂಡ್ ಐ' ಎಂದು ಹೆಸರಾದ ಆ ಸಾಕ್ಷ್ಯಚಿತ್ರ 2000ದಲ್ಲಿ ಬಂತು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಡಿಜಿಟಲ್ ಕ್ಯಾಮೆರಾ ಹಿಡಿದು, ಎಪ್ಪತ್ತು ದಾಟಿದ ಆ ತಾಯಿ ಫ್ರಾನ್ಸಿನ ಹೊಲ ಹೊಲ ಸುತ್ತುತ್ತಾಳೆ. ಕೊಯ್ಲು ಮುಗಿದ ಮೇಲೆ ಉಳಿದದ್ದನ್ನು ಆಯ್ದುಕೊಳ್ಳುವವರನ್ನು ಹುಡುಕುತ್ತಾಳೆ. ನಮ್ಮಲ್ಲಿ ಹಕ್ಕಲು ಆಯುವುದು ಅನ್ನುತ್ತೇವಲ್ಲ, ಅದೇ. ಚಿತ್ರಕಾರ ಮಿಲ್ಲೆ 1857ರಲ್ಲಿ ಬರೆದ ಹೆಸರಾಂತ ವರ್ಣಚಿತ್ರದಲ್ಲಿ ಮೂವರು ಹೆಂಗಸರು ಹೊಲದಲ್ಲಿ ಬಾಗಿ ತೆನೆ ಆಯುತ್ತಾರೆ. ವಾರ್ದಾ ಅಲ್ಲಿಂದ ಹೊರಟು, ಯಂತ್ರ ಬಿಟ್ಟುಹೋದ ಆಲೂಗಡ್ಡೆ ಆಯುವವರ ತನಕ ಬರುತ್ತಾಳೆ. ಆಕಾರ ಸರಿಯಿಲ್ಲವೆಂದು ಮಾರುಕಟ್ಟೆ ಒಲ್ಲೆಂದ ರಾಶಿಯಲ್ಲಿ ಹೃದಯದ ಆಕಾರದ ಆಲೂಗಡ್ಡೆಗಳು ಸಿಗುತ್ತವೆ. ಮನೆಗೆ ಒಯ್ಯುತ್ತಾಳೆ. ಮುಳ್ಳಿಲ್ಲದ ಗಡಿಯಾರ ಸಿಗುತ್ತದೆ, ಅದನ್ನೂ ಒಯ್ಯುತ್ತಾಳೆ. ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಇನ್ನೊಂದು ಕೈಯ ಸುಕ್ಕುಗಳನ್ನು ಚಿತ್ರಿಸುತ್ತಾಳೆ. ಹೆದ್ದಾರಿಯ ಲಾರಿಗಳನ್ನು ಬೆರಳುಗಳ ಉಂಗುರದಲ್ಲಿ ಹಿಡಿದು ಮುಷ್ಟಿ ಮುಚ್ಚುತ್ತಾಳೆ. ತಾನೂ ಹಕ್ಕಲು ಆಯುವವಳೇ, ತನ್ನ ಕಾಳು ಚಿತ್ರಗಳು ಎಂದು ಆ ಇಡೀ ಚಿತ್ರ ಹೇಳುತ್ತದೆ.

ಗದ್ದೆಸೀಮೆಯವನಾದ ನನಗೆ ಇದು ಮನೆಯ ಮಾತಿನಂತೆ ಕೇಳಿಸಿತು. ಈಗ ಸಿಂಧನೂರು ಭಾಗದಲ್ಲಿ ಕುಡುಗೋಲಿನ ಕೊಯ್ಲು ಕಡಿಮೆ. ಕಟಾವು ಮಷಿನ್ ಬಂದು ತಾಸೊತ್ತಿನಲ್ಲಿ ಎಕರೆ ಮುಗಿಸಿ ಹೋಗುತ್ತದೆ. ಅದು ತಿರುಗುವ ಮೂಲೆಗಳಲ್ಲಿ, ಬದುವಿನ ಅಂಚಿನಲ್ಲಿ, ಗಾಳಿಗೆ ಮಲಗಿದ ಬೆಳೆಯ ಅಡಿಯಲ್ಲಿ ತೆನೆ ಉಳಿಯುತ್ತದೆ. ಮಷಿನ್ ಆಚೆ ಹೋದ ಮೇಲೆ ಮುದುಕಿಯರು ಉಡಿ ಕಟ್ಟಿಕೊಂಡು ಗದ್ದೆಗೆ ಇಳಿಯುತ್ತಾರೆ. ಹೊಲದವರು ಬೇಡ ಅನ್ನುವುದಿಲ್ಲ. ಸಂಜೆಗೆ ಕಲ್ಲು ಮಣ್ಣು ತೂರಿ, ಕೇರಿ, ಒಂದು ಹೊತ್ತಿನ ಅನ್ನಕ್ಕೆ ಸಾಕಾಗುವಷ್ಟು ಕಾಳು ಮಾಡಿಕೊಳ್ಳುತ್ತಾರೆ.

ಮಷಿನ್ ಹೋದ ಮೇಲೆ
ಗದ್ದೆಯಲ್ಲಿ ಬಾಗಿದವಳನ್ನು
ಸೂರ್ಯ ಬೆನ್ನ ಹಿಂದಿನಿಂದ ನೋಡಿದ.
ಅವಳ ನೆರಳೂ ಬಾಗಿ
ಕಾಳು ಹುಡುಕುತ್ತಿತ್ತು.

ಸಿನಿಮಾ ನೋಡಿ ಕವಿತೆ ಬರೆಯುವುದು ಇದೇ ಕೆಲಸ. ಕಥೆ ಎಂಬ ದೊಡ್ಡ ಬೆಳೆಯನ್ನು ನಿರ್ದೇಶಕ ಆಗಲೇ ಕೊಯ್ದು ಒಯ್ದಿದ್ದಾನೆ. ಅದು 'ನನ್ನದು' ಎಂದು ಕವಿ ಹೇಳುವ ಹಾಗಿಲ್ಲ, ಹೇಳಬೇಕಾಗಿಯೂ ಇಲ್ಲ. ಮೂಲೆಯಲ್ಲಿ ಉಳಿದದ್ದು ಕವಿಯ ಪಾಲಿನದು. ಒಂದು ಸನ್ನೆ, ಬಾಗಿಲಿನ ಶಬ್ದ, ನೀರೊಳಗಿನ ಬಿಳಿ ಬಟ್ಟೆ, ದೋಣಿಯ ಅಂಚು. ಅದನ್ನು ಹುಡುಕಲು ಬಾಗಬೇಕು, ಹೊತ್ತು ಹಿಡಿಯುತ್ತದೆ. ಆಯ್ದದ್ದನ್ನು ನಮ್ಮ ಅಂಗಳಕ್ಕೆ ತಂದು ತೂರಬೇಕು. ನಮ್ಮ ಒಲೆಯಲ್ಲಿ ಬೇಯಿಸಬೇಕು. ಆ ಚಿತ್ರವನ್ನು ನೋಡಿಯೇ ಇರದವರೂ ಉಂಡು ಚೆನ್ನಾಗಿದೆ ಎನ್ನಬೇಕು. ಅದಕ್ಕೇ ನಾನು ಇಂಥ ಕವಿತೆಗಳ ಮೇಲೆ ಸಿನಿಮಾದ ಹೆಸರು ಬರೆಯುವುದಿಲ್ಲ, ಮೊದಲು ಅವ್ವನಿಗೇ ಓದುತ್ತೇನೆ. ಆಕೆಗೆ ನಾಟದಿದ್ದರೆ ಕಾಳು ಇನ್ನೂ ಹಸಿಯಾಗಿದೆ ಎಂದು ತಿಳಿಯುತ್ತೇನೆ.

ನಮ್ಮ ಸೀಮೆಯ ಹುಡುಗ ಹುಡುಗಿಯರಲ್ಲಿ ಬರೆಯುವ ಆಸೆ ಬಹಳ ಇದೆ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಕವಿಗೋಷ್ಠಿಗಳಲ್ಲಿ ಅವರ ಉತ್ಸಾಹ ನೋಡಿದ್ದೇನೆ. ಏನು ಬರೆಯಲಿ ಸರ್, ನಮ್ಮೂರಲ್ಲಿ ಬರೆಯುವಂಥದ್ದು ಏನಿದೆ ಎಂದು ಕೇಳುವವರೂ ಇದ್ದಾರೆ. ಮಸ್ಕಿಯ ಬಂಡೆಯನ್ನು ಅವರಿಗೆ ನೆನಪಿಸುತ್ತೇನೆ. ಶತಮಾನಗಳ ಕಾಲ ಜನ ಅದರ ಮಗ್ಗುಲಲ್ಲೇ ಓಡಾಡಿದರು. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ ಅಕ್ಷರಗಳು ಬಿದ್ದವು. ದೇವಾನಾಂಪ್ರಿಯ ಎಂದು ಬೇರೆಡೆಯ ಶಾಸನಗಳಲ್ಲಿ ಕರೆಸಿಕೊಂಡ ರಾಜ ಅಶೋಕನೇ ಎಂಬುದು ಆ ಬಂಡೆಯಿಂದ ಗಟ್ಟಿಯಾಯಿತು. ಅಕ್ಷರ ಅಲ್ಲಿಯೇ ಇತ್ತು, ಓದುವ ಕಣ್ಣು ಬೇಕಾಗಿತ್ತು.

ವಿಗೋ, ಬ್ರೆಸೋನ್, ರೆನ್ವಾ, ವಾರ್ದಾ ಇವರ ಚಿತ್ರಗಳು ಆ ಕಣ್ಣನ್ನು ಪಳಗಿಸುತ್ತವೆ. ಹಳೆಯ ಕಪ್ಪುಬಿಳುಪು ಚಿತ್ರಗಳು ನಿಧಾನ ಎಂದು ದೂರುವವರಿಗೆ ನಾನು ಹೇಳುವುದಿಷ್ಟು: ಆ ನಿಧಾನವನ್ನು ಒಂದು ಸಂಜೆ ತಾಳಿಕೊಳ್ಳಿ. ಮರುದಿನ ನಿಮ್ಮ ಓಣಿಗೆ ಹೋಗಿ ನಿಲ್ಲಿ. ಪ್ಯಾರಿಸ್ಸಿನ ಬಗ್ಗೆ ಬರೆಯಬೇಡಿ. ಚಿತ್ರ ಮುಗಿದ ಮೇಲೂ ಬಿಡದೆ ಕಾಡಿದ ಒಂದೇ ಸಂಗತಿಯನ್ನು ಹಿಡಿದು, ಅದು ನಿಮ್ಮ ಮನೆಯ ಯಾರನ್ನು ನೆನಪಿಗೆ ತಂದಿತೋ ಅವರ ಬಗ್ಗೆ ಬರೆಯಿರಿ. ಬರೆದದ್ದನ್ನು ಅವರಿಗೇ ಓದಿ ಹೇಳಿ. ಅವರು ಕೇಳುವ ಮೊದಲ ಪ್ರಶ್ನೆಯಲ್ಲಿ ನಿಮ್ಮ ಮುಂದಿನ ಕವಿತೆ ಇರುತ್ತದೆ.